ಹೊಸ ಹೆಡ್‌ಫೋನ್: ವೈರ್ ಇರುವುದಾ, ವೈರ್‌ಲೆಸ್ಸಾ? ತಲೆ ಕೆಟ್ಟಿದೆ

ಹಳೇತಂತಿ:
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಒಂದೇ ಹೆಡ್‌ಫೋನ್ ಬಳಸುತ್ತಿದ್ದೇನೆ. ಕಿವಿ ಪೂರ್ತಿ ಮುಚ್ಚುವಂಥದ್ದು, ವೈರ್ ಇರುವಂಥದ್ದು. ಎರಡು ತಿಂಗಳಿಂದ ಎಡಗಡೆ ಸೌಂಡ್ ಬರುತ್ತದೆ, ಹೋಗುತ್ತದೆ. ಪಿನ್ ಹತ್ತಿರ ವೈರನ್ನು ಒಂದು ಕಡೆಗೆ ಬಗ್ಗಿಸಿ ಹಿಡಿದರೆ ಸರಿಯಾಗಿ ಕೇಳುತ್ತದೆ. ಕೈ ಬಿಟ್ಟರೆ ಮತ್ತೆ ಒಂದೇ ಕಿವಿ. ರಬ್ಬರ್ ಬ್ಯಾಂಡ್ ಕಟ್ಟಿದೆ, ಟೇಪ್ ಸುತ್ತಿದೆ, ಮೇಲೊಂದು ದಪ್ಪ ಪುಸ್ತಕ ಇಟ್ಟೂ ನೋಡಿದೆ. ಇನ್ನು ಸಾಕು, ಹೊಸದು ತಗೊಳ್ಳೋಣ ಅಂತಿದ್ದೇನೆ.

ಮನೆಯಲ್ಲಿ ಎಲ್ಲರೂ "ಈಗ ವೈರ್ ಇರೋದು ಯಾರು ತಗೋತಾರೆ" ಅಂತ ನಗುತ್ತಾರೆ. ನನಗೋ ಇನ್ನೊಂದು ವಸ್ತುವನ್ನು ದಿನಾ ಚಾರ್ಜಿಗೆ ಹಾಕುವುದು ಅಂದರೇ ಬೇಜಾರು.

ಬಳಕೆ ಹೀಗಿದೆ: ಹಗಲು ಲ್ಯಾಪ್‌ಟಾಪಿನಲ್ಲಿ ನಾಲ್ಕೈದು ಗಂಟೆ ಮೀಟಿಂಗ್, ಸಂಜೆ ಸಿನಿಮಾ, ರಾತ್ರಿ ಒಂದಿಷ್ಟು ಹಾಡು. ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್ ಜ್ಯಾಕ್ ಇದೆ, ಫೋನಿನಲ್ಲಿ ಇಲ್ಲ. ಯಾವುದು ತಗೊಳ್ಳಲಿ?

ಮೌನಪ್ರಿಯ:
ವೈರ್‌ಲೆಸ್ ತಗೊಳ್ಳಿ ಸಾರ್. ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಮೀಟಿಂಗ್ ನಡೆಯುವಾಗ ಎದ್ದು ಹೋಗಿ ನೀರು ಕುಡಿದು ಬರಬಹುದು. ಜೊತೆಗೆ ನಾಯ್ಸ್ ಕ್ಯಾನ್ಸಲಿಂಗ್. ಫ್ಯಾನ್ ಸದ್ದು, ಎಸಿ ಗುಂಯ್ ಅನ್ನೋದು, ಬಸ್ಸಿನ ಎಂಜಿನ್ ಎಲ್ಲ ಮಾಯ. ಒಂದು ಸಲ ಅದರ ರುಚಿ ಹತ್ತಿದರೆ ಹಿಂದಕ್ಕೆ ಹೋಗಲ್ಲ.

ದಾರಬಿಡೆ:
ನಾನು ಇನ್ನೊಂದು ಪಕ್ಷ. ವೈರ್ ಇರುವುದೇ ತಗೊಳ್ಳಿ. ನಿಮ್ಮದು ಒಂಬತ್ತು ವರ್ಷ ಬಾಳಿದೆ ಅಂತ ನೀವೇ ಬರೆದಿದ್ದೀರಿ. ಒಂಬತ್ತು ವರ್ಷ ಬಾಳಿದ ಬ್ಲೂಟೂತ್ ಹೆಡ್‌ಫೋನ್ ಯಾರಾದರೂ ತೋರಿಸಲಿ ನೋಡೋಣ. ಸೋನಿ ಎಂಡಿಆರ್-7506 ಅಂತ ಒಂದಿದೆ, 1991ರಲ್ಲಿ ಬಂದದ್ದು. ಇವತ್ತಿಗೂ ಸ್ಟುಡಿಯೋಗಳಲ್ಲಿ ಅದೇ ನೇತಾಡುತ್ತಿರುತ್ತದೆ. ಅದಕ್ಕೆ ಆಪ್ ಬೇಡ, ಅಪ್‌ಡೇಟ್ ಬೇಡ.

ಒಂದೇಮಾತು:
ಹಳೆಯದನ್ನೇ ರಿಪೇರಿ ಮಾಡಿ.

ಮೌನಪ್ರಿಯ:
@ದಾರಬಿಡೆ ಸ್ಟುಡಿಯೋದವರು ಕುರ್ಚಿ ಬಿಟ್ಟು ಏಳುವುದಿಲ್ಲ, ಅದಕ್ಕೆ ಅವರಿಗೆ ವೈರ್ ನಡೆಯುತ್ತದೆ. ನಾವು ಮನುಷ್ಯರು.

ರಾತ್ರಿಪಾಳಿ:
ದಿನಕ್ಕೆ ನಾಲ್ಕೈದು ಗಂಟೆ ಮೀಟಿಂಗ್ ಅಂದಿರಲ್ಲ, ಅಲ್ಲಿ ಒಂದು ಗುಂಡಿ ಇದೆ. ನಾನು ಬಿದ್ದು ಎದ್ದವನು, ಹೇಳಿಬಿಡುತ್ತೇನೆ.

ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಹೆಡ್‌ಫೋನಿನ ಮೈಕ್ ಆನ್ ಆಯ್ತೋ, ಹಾಡಿನ ದಾರಿ ಮುಚ್ಚಿತು. ಸ್ಟೀರಿಯೋ ಹೋಗಿ ಮೋನೋ ಆಗುತ್ತದೆ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು) 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, ಹಳೇ ಸಾಧನವಾದರೆ 8ಕ್ಕೆ. ಅಷ್ಟು ಚೆನ್ನಾಗಿದ್ದ ಹೆಡ್‌ಫೋನ್ ಇದ್ದಕ್ಕಿದ್ದಂತೆ ಬಾವಿಯೊಳಗಿನ ಟೆಲಿಫೋನ್ ಥರ ಆಗಿಬಿಡುತ್ತದೆ. ಮೊದಲ ದಿನ ನನ್ನದು ಕೆಟ್ಟೇ ಹೋಯ್ತು ಅಂದುಕೊಂಡು ವಾಪಸ್ ಕಳಿಸೋಕೆ ಪೆಟ್ಟಿಗೆ ಕಟ್ಟಿದ್ದೆ.

ಮದ್ದು ಸುಲಭ. ಲ್ಯಾಪ್‌ಟಾಪ್ ಸೆಟ್ಟಿಂಗ್‌ನಲ್ಲಿ ಕೇಳುವುದಕ್ಕೆ ಹೆಡ್‌ಫೋನ್, ಮಾತಾಡುವುದಕ್ಕೆ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ಆಗ ಸೌಂಡ್ ಕೆಡುವುದಿಲ್ಲ. ಆದರೆ ನೀವು ಟೈಪ್ ಮಾಡುವ ಟಕಟಕ ಎಲ್ಲರಿಗೂ ಕೇಳುತ್ತದೆ.

ಬಿಟ್‌ಬೈಟ್:
ಸಣ್ಣ ತಿದ್ದುಪಡಿ. ಬ್ಲೂಟೂತ್‌ನಲ್ಲೇ ಸದ್ದು ಕಳಿಸುವ ಹೊಸ ವಿಧಾನವಾದ ಎಲ್‌ಇ ಆಡಿಯೋದಲ್ಲಿ ಈ ತೊಂದರೆ ಬಹಳ ಮಟ್ಟಿಗೆ ಕಮ್ಮಿ. ಅದರಲ್ಲಿ ಎಲ್‌ಸಿ3 ಅನ್ನುವ ಕೋಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ಕ್ರಮ) ಇದೆ, ಮೈಕ್ ಆನ್ ಇದ್ದಾಗಲೂ ಚೆನ್ನಾಗಿ ಕೇಳಿಸಬಲ್ಲದು. ಆದರೆ ಹೆಡ್‌ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಅದು ಇರಬೇಕು. ಪೆಟ್ಟಿಗೆ ಮೇಲೆ "ಬ್ಲೂಟೂತ್ 5.3" ಅಂತ ಬರೆದ ಮಾತ್ರಕ್ಕೆ ಎಲ್‌ಇ ಆಡಿಯೋ ಇದೆ ಅಂತಲ್ಲ. ಬಹಳ ಜನ ಮೋಸ ಹೋಗುವುದು ಇಲ್ಲೇ.

ರಾತ್ರಿಪಾಳಿ:
ಒಪ್ಪಿದೆ. ನನ್ನ ಲ್ಯಾಪ್‌ಟಾಪ್ ಹಳೇದು, ಅದಕ್ಕೆ ಆ ಭಾಗ್ಯ ಇಲ್ಲ.

ಬೆಕ್ಕಿನಮನೆ:
ನಮ್ಮ ಮನೆಯಲ್ಲಿ ವೈರ್ ಅಂದರೆ ಬೆಕ್ಕಿಗೆ ಹಬ್ಬ. ಮೂರು ವೈರ್ ಕಚ್ಚಿ ಹಾಕಿದೆ. ನನಗೆ ಆಯ್ಕೆಯೇ ಇಲ್ಲ, ವೈರ್‌ಲೆಸ್.

ಕುರ್ಚಿಗಾಲಿ:
ಬೆಕ್ಕು ಬೇಡ, ಕುರ್ಚಿ ಸಾಕು. ನನ್ನ ಹೆಡ್‌ಫೋನ್ ವೈರಿನ ಮೇಲೆ ಕುರ್ಚಿಯ ಗಾಲಿ ಎಷ್ಟು ಸಲ ಹರಿದಿದೆಯೋ ಲೆಕ್ಕ ಇಟ್ಟಿಲ್ಲ. ಒಂದು ಸಲ ನೆನಪಿಲ್ಲದೆ ಎದ್ದು ಹೊರಟೆ, ಲ್ಯಾಪ್‌ಟಾಪ್ ಹಿಂದೆಯೇ ಬಂತು.

ಚಿನ್ನದಕಿವಿ:
ಎಲ್ಲರೂ ಅನುಕೂಲದ ಬಗ್ಗೆಯೇ ಮಾತಾಡುತ್ತಿದ್ದೀರಿ, ಸೌಂಡ್ ಬಗ್ಗೆ ಯಾರೂ ಹೇಳುತ್ತಿಲ್ಲ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತದೆ. ಬ್ಲೂಟೂತ್‌ನ ಮಾಮೂಲಿ ಎಸ್‌ಬಿಸಿ ಕೋಡೆಕ್‌ನಲ್ಲಿ ಬರುವುದು ಹೆಚ್ಚೆಂದರೆ 330ರ ಆಸುಪಾಸು. ಮುಕ್ಕಾಲು ಭಾಗ ದಾರಿಯಲ್ಲೇ ಸೋರಿಹೋಗುತ್ತದೆ. ಎಲ್‌ಡ್ಯಾಕ್ ಅನ್ನುವ ಇನ್ನೊಂದು ಕೋಡೆಕ್ 990ರ ತನಕ ಹೋಗುತ್ತದೆ, ಆದರೂ ಸಿಡಿ ಅಲ್ಲ. ಮೇಲಾಗಿ ಐಫೋನಿನಲ್ಲಿ ಎಲ್‌ಡ್ಯಾಕ್ ಇಲ್ಲವೇ ಇಲ್ಲ. ಸಂಗೀತ ಇಷ್ಟ ಅಂತೀರಿ, ಹಾಗಿದ್ದರೆ ವೈರ್ ಒಂದೇ ದಾರಿ.

ಬಿಟ್‌ಬೈಟ್:
"ಸೋರಿಹೋಗುತ್ತದೆ" ಅನ್ನುವುದು ತಪ್ಪು ಲೆಕ್ಕ. ಬಿಟ್ ಕಮ್ಮಿ ಆದಷ್ಟೂ ಸಂಗೀತ ಕಮ್ಮಿ ಆಗುವುದಿಲ್ಲ. ಕಿವಿಗೆ ಹೇಗೂ ಗೊತ್ತಾಗದ ಭಾಗವನ್ನು ಮೊದಲು ಬಿಡುವುದೇ ಕೋಡೆಕ್ ಮಾಡುವ ಕೆಲಸ. ಇನ್ನು ಎಲ್‌ಡ್ಯಾಕ್ ಯಾವಾಗಲೂ 990ರಲ್ಲೇ ಓಡುತ್ತದೆ ಅಂತಲೂ ಇಲ್ಲ. ಸಿಗ್ನಲ್ ಕೆಟ್ಟರೆ 660, ಇನ್ನೂ ಕೆಟ್ಟರೆ 330.

ನಾನೂ ಚಿನ್ನದಕಿವಿ ಅವರ ಹಾಗೇ ವಾದ ಮಾಡುತ್ತಿದ್ದೆ. ಒಂದು ಭಾನುವಾರ ತಮ್ಮನಿಗೆ ಹೇಳಿ, ನನಗೆ ಕಾಣದ ಹಾಗೆ ಕೋಡೆಕ್ ಬದಲಾಯಿಸುತ್ತಾ ಹಾಡು ಹಾಕಿಸಿದೆ. ಹೆಡ್‌ಫೋನ್ ಒಂದೇ, ಹಾಡೂ ಒಂದೇ. 20 ಸಲದಲ್ಲಿ 11 ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ತಮ್ಮ ಇವತ್ತಿಗೂ ಆಡಿಕೊಳ್ಳುತ್ತಾನೆ.

ಚಿನ್ನದಕಿವಿ:
ನಿಮ್ಮ ಕಿವಿ ನಿಮಗೆ, ನನ್ನ ಕಿವಿ ನನಗೆ.

ದಾರಬಿಡೆ:
@ಚಿನ್ನದಕಿವಿ ನಾನು ನಿಮ್ಮ ಪಕ್ಷದವನೇ, ಆದರೂ ಇಲ್ಲಿ ಬಿಟ್‌ಬೈಟ್ ಸರಿ. ವೈರ್ ಪರವಾಗಿ ಹೇಳಬೇಕಾದ್ದು ಕೋಡೆಕ್ ಅಲ್ಲ. ವೈರ್‌ಲೆಸ್ ತಗೊಂಡರೆ ನೀವು ಕೊಟ್ಟ ದುಡ್ಡು ಬ್ಯಾಟರಿ, ರೇಡಿಯೋ, ಚಿಪ್, ಆಂಪ್ಲಿಫೈಯರ್, ನಾಲ್ಕೈದು ಮೈಕ್ ಇಷ್ಟಕ್ಕೂ ಹಂಚಿಹೋಗುತ್ತದೆ. ವೈರ್ ಇರುವುದರಲ್ಲಿ ಅಷ್ಟೂ ದುಡ್ಡು ಸ್ಪೀಕರಿಗೆ, ಚೌಕಟ್ಟಿಗೆ, ಕುಶನ್ನಿಗೆ. ಒಂದೇ ಬಜೆಟ್ಟಿನಲ್ಲಿ ಎರಡನ್ನೂ ಕಿವಿಗೆ ಹಾಕಿ ನೋಡಿ. ಬಹಳ ಸಲ ವ್ಯತ್ಯಾಸ ಅಲ್ಲಿಂದ ಬರುತ್ತದೆ.

ಲೆಕ್ಕಿಗ:
ಬ್ಯಾಟರಿ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಲಿಥಿಯಂ ಬ್ಯಾಟರಿ ಸುಮಾರು 300ರಿಂದ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಶೇ. 80ರ ಹತ್ತಿರ ಇಳಿಯುತ್ತದೆ ಅನ್ನುತ್ತಾರೆ. ಕಮ್ಮಿಯದನ್ನೇ ಹಿಡಿಯೋಣ, 300. ಈಗಿನ ದೊಡ್ಡ ಹೆಡ್‌ಫೋನ್ ಒಂದು ಚಾರ್ಜಿಗೆ 30 ಗಂಟೆ ಓಡುವುದು ಸಾಮಾನ್ಯ. 300 ಗುಣಿಸು 30, 9000 ಗಂಟೆ. ದಿನಕ್ಕೆ 6 ಗಂಟೆ ಅಂದರೂ 1500 ದಿನ, ನಾಲ್ಕು ವರ್ಷದ ಮೇಲೆ. ಅದೂ ಆಮೇಲೆ ಸಾಯುವುದಿಲ್ಲ, 30ರ ಬದಲು 24 ಗಂಟೆ ಓಡುತ್ತದೆ ಅಷ್ಟೇ. ದಿನಾ ಚಾರ್ಜಿಗೆ ಹಾಕುವ ಮಾತೂ ಸುಳ್ಳು, ಐದು ದಿನಕ್ಕೊಂದು ಸಲ ಸಾಕು.

ದಾರಬಿಡೆ:
ಲೆಕ್ಕ ಚೆನ್ನಾಗಿದೆ, ಆದರೆ ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ಮುದಿಯಾಗುತ್ತದೆ. ಅದರಲ್ಲೂ ಚಾರ್ಜ್ ಪೂರ್ತಿ ಖಾಲಿ ಮಾಡಿ ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಮುಗೀತು. ನನ್ನದೊಂದು ಹೀಗೇ ಸತ್ತಿತು. ಬಿಚ್ಚಿ ಬ್ಯಾಟರಿ ಬದಲಿಸೋಣ ಅಂದರೆ ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಬಲವಂತ ಮಾಡಿದೆ, ಚೌಕಟ್ಟೇ ಲಟ್ ಅಂತು.

ಬಿಟ್‌ಬೈಟ್:
ಯುರೋಪಿಯನ್ ಒಕ್ಕೂಟ 2023ರಲ್ಲಿ ಬ್ಯಾಟರಿ ನಿಯಮ ತಂದಿದೆ. 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ಕೆಲವು ವಿನಾಯಿತಿ ಇವೆ. ಹಾಗೇ ಆದರೆ ದಾರಬಿಡೆ ಅವರ ಅರ್ಧ ವಾದ ಬಿದ್ದುಹೋಗುತ್ತದೆ.

ದಾರಬಿಡೆ:
ಇನ್ನರ್ಧ ಇಟ್ಕೊಂಡು ಬದುಕುತ್ತೇನೆ.

ಅಮ್ಮನಕಾಳಜಿ:
ನನ್ನದು ಬೇರೆ ಪ್ರಶ್ನೆ. ಇಡೀ ದಿನ ತಲೆಯ ಎರಡೂ ಬದಿ ಬ್ಲೂಟೂತ್ ಇಟ್ಟುಕೊಂಡರೆ ರೇಡಿಯೇಷನ್ ತೊಂದರೆ ಇಲ್ವಾ? ಮಗ ಇಡೀ ದಿನ ಹಾಕಿಕೊಂಡೇ ಇರುತ್ತಾನೆ.

ರಾತ್ರಿಪಾಳಿ:
ಬ್ಲೂಟೂತ್ ಸಾಧನಗಳ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಕಿವಿಗೆ ಒತ್ತಿಕೊಂಡು ಮಾತಾಡುವ ಫೋನಿನದು ಅದಕ್ಕಿಂತ ಎಷ್ಟೋ ಜಾಸ್ತಿ. ಎಕ್ಸ್‌ರೇ ಥರದ ಕಿರಣ ಇದಲ್ಲ. ನಿಜವಾಗಿ ನೋಡಬೇಕಾದ್ದು ವಾಲ್ಯೂಮ್, ಮೇಡಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬೇಡಿ ಅಂತ. ಮಕ್ಕಳಿಗೆ 75. ಹೊರಗಡೆ ಗಲಾಟೆ ಇದ್ದಾಗ ನಾವೆಲ್ಲ ವಾಲ್ಯೂಮ್ ಏರಿಸುತ್ತೇವೆ. ಆ ಲೆಕ್ಕದಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಕಿವಿಗೆ ಒಳ್ಳೆಯದೇ.

ಮೌನಪ್ರಿಯ:
ಅದನ್ನೇ ನಾನು ಮೊದಲಿಂದ ಹೇಳುತ್ತಿರುವುದು!

ತೊಟ್ಟಿಲು:
ನಾಯ್ಸ್ ಕ್ಯಾನ್ಸಲಿಂಗ್ ನಂಬಿ ಕೂಸಿನ ಅಳು ನಿಲ್ಲುತ್ತೆ ಅಂತ ತಗೊಂಡೆ. ಫ್ಯಾನ್ ಸದ್ದು ಪೂರ್ತಿ ಹೋಯ್ತು. ಈಗ ಕೂಸಿನ ಅಳು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಬಿಟ್‌ಬೈಟ್:
@ತೊಟ್ಟಿಲು ಅದು ಇರುವುದೇ ಹಾಗೆ. ಹೊರಗಿನ ಸದ್ದನ್ನು ಮೈಕ್ ಹಿಡಿದು, ಅದರ ತಲೆಕೆಳಗಾದ ಅಲೆಯನ್ನು ಕಿವಿಗೆ ಬಿಡುತ್ತದೆ. ಒಂದೇ ಸಮ ಇರುವ ತಗ್ಗು ಸದ್ದಿಗೆ ಇದು ಚೆನ್ನಾಗಿ ಹೊಂದುತ್ತದೆ. ಅಳು, ಮಾತು, ಪಾತ್ರೆ ಬಿದ್ದ ಸದ್ದು ಎತ್ತರದ್ದು, ಏರಿಳಿಯುವಂಥದ್ದು. ಅದನ್ನು ತಡೆಯುವ ಕೆಲಸ ಮುಖ್ಯವಾಗಿ ಕುಶನ್ನಿನದು. ಹುಟ್ಟಿದ್ದೂ ವಿಮಾನದ ಮೊರೆತಕ್ಕೇ ಅಲ್ವಾ? 1978ರಲ್ಲಿ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ವಿಮಾನದಲ್ಲಿ ಹೆಡ್‌ಫೋನ್ ಹಾಕಿಕೊಂಡು, ಎಂಜಿನ್ ಸದ್ದಿಗೆ ಏನೂ ಸರಿಯಾಗಿ ಕೇಳದೆ, ಅಲ್ಲೇ ಕೂತು ಲೆಕ್ಕ ಬರೆಯಲು ಶುರು ಮಾಡಿದರಂತೆ.

ಕುರ್ಚಿಗಾಲಿ:
ನನಗೆ ಅದನ್ನು ಆನ್ ಮಾಡಿದರೆ ಕಿವಿ ಮುಚ್ಚಿಕೊಂಡ ಹಾಗೆ, ಘಾಟಿ ಹತ್ತಿದ ಹಾಗೆ ಆಗುತ್ತದೆ. ಇನ್ಯಾರಿಗಾದರೂ ಹೀಗಾ?

ತೊಟ್ಟಿಲು:
ನನಗೂ. ಕೂಸು ಅಳುವಾಗ ಮಾತ್ರ ಆನ್ ಮಾಡುತ್ತೇನೆ, ಸಮಾಧಾನಕ್ಕೆ.

ಹಳೇತಂತಿ:
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. (ಸಾರ್ ಅಲ್ಲ, ಮೇಡಂ.) ಲೆಕ್ಕಿಗ ಅವರ ಲೆಕ್ಕ ನೋಡಿ ಮನಸ್ಸು ವೈರ್‌ಲೆಸ್ ಕಡೆ ವಾಲುತ್ತಿದೆ. ಸಿನಿಮಾ ನೋಡುವಾಗ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಲ್ಲ ತಾನೆ? ಮತ್ತೆ ರಾತ್ರಿ ಕೀಬೋರ್ಡ್ ಅಭ್ಯಾಸ ಮಾಡುತ್ತೇನೆ, ಅದಕ್ಕೂ ಆಗಬೇಕು.

ಶ್ರುತಿಪೆಟ್ಟಿಗೆ:
ಒಂದು ನಿಮಿಷ. ಕೀಬೋರ್ಡ್ ಅಂದರೆ ಟೈಪ್ ಮಾಡುವುದಾ, ನುಡಿಸುವುದಾ?

ಹಳೇತಂತಿ:
ನುಡಿಸುವುದು. ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದು ಗಂಟೆ.

ಶ್ರುತಿಪೆಟ್ಟಿಗೆ:
ಇದನ್ನು ಮೊದಲೇ ಹೇಳಬಾರದಾ ಮೇಡಂ! ಮೇಲಿನ ಅರ್ಧ ಚರ್ಚೆ ವ್ಯರ್ಥ ಆಯ್ತು.

ಸಿನಿಮಾಕ್ಕೆ ಚಿಂತೆ ಇಲ್ಲ. ಹೆಡ್‌ಫೋನಿಗೆ ಸದ್ದು ತಡವಾಗುತ್ತದೆ ಅಂತ ಗೊತ್ತಿರುವ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ನಿಮ್ಮ ಬೆರಳನ್ನು ತಡ ಮಾಡುವವರು ಯಾರು? ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 200 ಮಿಲಿಸೆಕೆಂಡ್ ಅಂದರೆ ನೀವು ಇಲ್ಲಿ ಕೀ ಒತ್ತುತ್ತೀರಿ, ಸ್ವರ ಸುಮಾರು 70 ಮೀಟರ್ ಆಚೆಯಿಂದ ಬರುತ್ತದೆ. ತಾಳ ಕೆಟ್ಟೇ ಕೆಡುತ್ತದೆ. ನನ್ನ ಶಿಷ್ಯನೊಬ್ಬ ಹೀಗೆ ಒಂದು ತಿಂಗಳು ಅಭ್ಯಾಸ ಮಾಡಿ, ಎಲ್ಲ ಸ್ವರವನ್ನೂ ಮುಂಚೆಯೇ ಒತ್ತುವ ಚಟ ಹತ್ತಿಸಿಕೊಂಡು ಬಂದ. ಬಿಡಿಸೋಕೆ ಎರಡು ತಿಂಗಳು ಬೇಕಾಯ್ತು.

ಕೀಬೋರ್ಡಿಗೆ ವೈರೇ. ಇದರಲ್ಲಿ ಎರಡು ಮಾತಿಲ್ಲ.

ಮೌನಪ್ರಿಯ:
ಸರಿ, ಇಲ್ಲಿ ನಾನು ಸೋತೆ. ಆದರೆ ವೈರ್‌ಲೆಸ್ ಹೆಡ್‌ಫೋನಿಗೂ ಒಂದು 3.5 ಮಿ.ಮೀ. ಜ್ಯಾಕ್ ಇರುತ್ತದಲ್ಲ? ಹಗಲು ಬ್ಲೂಟೂತ್, ರಾತ್ರಿ ವೈರ್ ಹಾಕಿ ನುಡಿಸಿ. ಎರಡೂ ಆಯ್ತು.

ಬಿಟ್‌ಬೈಟ್:
ಆಗುತ್ತದೆ, ಆದರೆ ತಗೊಳ್ಳುವ ಮುಂಚೆ ನೋಡಿಕೊಳ್ಳಿ. ಎಲ್ಲದರಲ್ಲೂ ಆ ಜ್ಯಾಕ್ ಇರುವುದಿಲ್ಲ, ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ಇಲ್ಲ. ಇದ್ದರೂ ಕೆಲವು ವೈರ್ ಹಾಕಿದಾಗಲೂ ಪವರ್ ಆನ್ ಇರಲೇಬೇಕು ಅನ್ನುತ್ತವೆ, ಅಂದರೆ ಚಾರ್ಜ್ ಮುಗಿದರೆ ವೈರೂ ಇಲ್ಲ. ಇನ್ನು ಕೆಲವು ಆಫ್ ಮಾಡಿದಾಗ ಓಡುತ್ತವೆ, ಆದರೆ ಸೌಂಡೇ ಬೇರೆ. ಒಳಗಿನ ಚಿಪ್ ಸರಿಮಾಡಿ ಕೊಡುತ್ತಿದ್ದದ್ದು ತಪ್ಪಿಹೋಗುತ್ತದಲ್ಲ, ಮಂಕಾಗಿ ಕೇಳುತ್ತದೆ.

ಓಮ್‌ಶಾಂತಿ:
ವೈರ್ ಇರುವುದೇ ತಗೊಳ್ಳುವುದಾದರೆ ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ) ನೋಡಿ ತಗೊಳ್ಳಿ. ನಾನು ಸ್ಟುಡಿಯೋ ಮಾಡೆಲ್ ಅಂತ ಆಸೆಯಿಂದ 250 ಓಮ್‌ನದು ತಂದು ಫೋನಿನ ಡಾಂಗಲ್‌ಗೆ (ಜ್ಯಾಕ್ ಇಲ್ಲದ ಫೋನಿಗೆ ಹಾಕುವ ಸಣ್ಣ ಅಡಾಪ್ಟರ್) ಸಿಕ್ಕಿಸಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದ ಹಾಗೆ. ಅದು ದೊಡ್ಡ ಆಂಪ್ಲಿಫೈಯರಿಗೆ ಮಾಡಿದ್ದು ಅಂತ ಆಮೇಲೆ ಗೊತ್ತಾಯ್ತು. ಒಂದೇ ಮಾಡೆಲ್ ಬೇರೆ ಬೇರೆ ಓಮ್‌ನಲ್ಲಿ ಬರುತ್ತದೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80, 250 ಹೀಗೆ ಮೂರು ಥರ ಇದೆ. ಫೋನ್, ಲ್ಯಾಪ್‌ಟಾಪಿಗೆ 32ರ ಹತ್ತಿರದ್ದು ಸಾಕು.

ಚಿನ್ನದಕಿವಿ:
ಓಮ್ ಒಂದೇ ನೋಡಿದರೆ ಸಾಲದು, ಸೆನ್ಸಿಟಿವಿಟಿನೂ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು) ನೋಡಬೇಕು. ಕಮ್ಮಿ ಓಮ್ ಇದ್ದೂ ಜೋರಾಗಿ ಕೇಳದ ಹೆಡ್‌ಫೋನ್ ಇವೆ.

ಬಿಟ್‌ಬೈಟ್:
ಇವತ್ತು ಮೊದಲ ಸಲ ಚಿನ್ನದಕಿವಿ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಕುರ್ಚಿಗಾಲಿ:
ಕೀಬೋರ್ಡಿನಲ್ಲಿ ಬಹಳ ಸಲ 6.35 ಮಿ.ಮೀ.ನ ದೊಡ್ಡ ಜ್ಯಾಕ್ ಇರುತ್ತದೆ, ಅಡಾಪ್ಟರ್ ಮರೆಯಬೇಡಿ. ಆ ದಪ್ಪ ಪಿನ್ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳ ಕಾಲದ್ದು. ಇವತ್ತಿಗೂ ಹಾಗೇ ಹೊಂದುತ್ತದೆ. ನನ್ನ ಫೋನಿನ ಚಾರ್ಜರ್ ಮೂರು ಸಲ ಬದಲಾಯ್ತು.

ಬೆಕ್ಕಿನಮನೆ:
ಬ್ಲೂಟೂತ್ ಅನ್ನೋ ಹೆಸರು 10ನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡ್ ಬ್ಲೂಟೂತ್‌ನಿಂದ ಬಂದದ್ದು. ಆ ಚಿಹ್ನೆ ಅವನ ಹೆಸರಿನ ಎರಡು ಅಕ್ಷರ ಸೇರಿಸಿದ್ದು. ಅಂದರೆ ಹಳೇತನದಲ್ಲಿ ನಮ್ಮ ಪಕ್ಷವೇ ಮುಂದೆ.

ಒಂದೇಮಾತು:
ಹಳೆಯದನ್ನೇ ರಿಪೇರಿ ಮಾಡಿ. ಎರಡನೇ ಸಲ ಹೇಳುತ್ತಿದ್ದೇನೆ.

ಕಾದಕಡ್ಡಿ:
ಒಂದೇಮಾತು ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ, ಪಾಪ. ಪಿನ್ ಹತ್ತಿರ ಬಗ್ಗಿಸಿದರೆ ಸದ್ದು ಬರುತ್ತದೆ ಅಂದರೆ ವೈರ್ ಅಲ್ಲೇ ಒಳಗೆ ತುಂಡಾಗಿದೆ. ಸ್ಪೀಕರ್ ಗಟ್ಟಿಯಾಗಿದೆ. ಪಿನ್‌ನಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ, ಹೊಸ ಪಿನ್ ತಂದು ಸೋಲ್ಡರ್ ಮಾಡಿ, ಅಂದರೆ ಸೀಸ ಕರಗಿಸಿ ಬೆಸೆಯಿರಿ. ಅರ್ಧ ಗಂಟೆ ಕೆಲಸ.

ಒಳಗಿನ ಸಣ್ಣ ಎಳೆಗಳಿಗೆ ಬಣ್ಣದ ಮೆರುಗು ಬಳಿದಿರುತ್ತಾರೆ. ಅದು ತಾಮ್ರದ ಹಾಗೆ ಕಾಣುತ್ತದೆ, ಆದರೆ ಕರೆಂಟ್ ಬಿಡುವುದಿಲ್ಲ. ಸೋಲ್ಡರಿಂಗ್ ಐರನ್ ತುದಿಯಲ್ಲಿ ಕರಗಿದ ಸೀಸ ಹಿಡಿದು, ಎಳೆಯನ್ನು ಅದರೊಳಗೆ ಅದ್ದಿ ಮೆರುಗು ಸುಟ್ಟುಹಾಕಿ, ಆಮೇಲೆ ಸೇರಿಸಿ. ಬಹಳ ಜನ ಸೋಲುವುದು ಈ ಹಂತದಲ್ಲೇ. ಪಿನ್ನಿನ ತುದಿ ಎಡಗಿವಿ, ನಡುವಿನ ಉಂಗುರ ಬಲಗಿವಿ, ಬುಡ ಅರ್ಥ್. ಸಾಮಾನ್ಯವಾಗಿ ಕೆಂಪು ಎಳೆ ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ಬರೀ ತಾಮ್ರದ ಬಣ್ಣದ್ದು ಅರ್ಥ್‌ಗೆ. ಪಿನ್ನಿನ ಮುಚ್ಚಳವನ್ನು ವೈರಿಗೆ ಮೊದಲೇ ಪೋಣಿಸಿಕೊಳ್ಳಿ. ಇಲ್ಲದಿದ್ದರೆ ಎಲ್ಲ ಮುಗಿದ ಮೇಲೆ ಹಣೆ ಚಚ್ಚಿಕೊಳ್ಳಬೇಕಾಗುತ್ತದೆ.

ದಾರಬಿಡೆ:
ಮುಚ್ಚಳದ ವಿಷಯ ನೂರಕ್ಕೆ ನೂರು ನಿಜ. ನಾನು ಎರಡು ಸಲ ಚಚ್ಚಿಕೊಂಡಿದ್ದೇನೆ.

ಮೌನಪ್ರಿಯ:
ಹಾಗಾದರೆ ಹಳೆಯದು ರಿಪೇರಿ, ಅದು ಕೀಬೋರ್ಡಿಗೆ. ಉಳಿದ ದುಡ್ಡಲ್ಲಿ ಮೀಟಿಂಗಿಗೆ ಒಂದು ವೈರ್‌ಲೆಸ್. ನಾನು ಬಿಡಲ್ಲ.

ಲೆಕ್ಕಿಗ:
ಎರಡು ತಗೊಂಡರೆ ಉಳಿಯುವ ದುಡ್ಡು ಯಾವುದು ಮಾರಾಯ್ರೆ?

ಹಳೇತಂತಿ:
ಐದು ದಿನದ ಮೇಲೆ ಬರುತ್ತಿದ್ದೇನೆ. ಕಾದಕಡ್ಡಿ ಅವರ ಪೋಸ್ಟ್ ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಜೀವನದಲ್ಲಿ ಮೊದಲ ಸಲ ಸೋಲ್ಡರಿಂಗ್ ಐರನ್ ಹಿಡಿದದ್ದು. ಬೆರಳು ಒಂದು ಸಲ ಸುಟ್ಟಿತು. ಮೆರುಗು ಸುಡುವುದಕ್ಕೆ ಮೂರು ಪ್ರಯತ್ನ. ಮುಚ್ಚಳ ಮೊದಲೇ ಪೋಣಿಸಿದ್ದೆ! ಈಗ ಎರಡೂ ಕಿವಿ ಗಣಗಣ ಅನ್ನುತ್ತಿದೆ. ವೈರ್ ಎಷ್ಟು ಎಳೆದಾಡಿದರೂ ಸದ್ದು ಹೋಗಲಿಲ್ಲ.

ಕಾದಕಡ್ಡಿ:
ಭೇಷ್! ಈಗ ಕುಶನ್ನೂ ಬದಲಿಸಿಬಿಡಿ. ಒಂಬತ್ತು ವರ್ಷದ ಕುಶನ್ ಚಪ್ಪಟೆಯಾಗಿ ಬಾಸ್ (ತಗ್ಗು ಸದ್ದು) ಸೋರುತ್ತಿರುತ್ತದೆ.

ಹಳೇತಂತಿ:
ಅದಿರಲಿ, ಒಂದು ಸಣ್ಣ ಸಂಶಯ. ನಿನ್ನೆ ರಾತ್ರಿ ಕೀಬೋರ್ಡ್ ನುಡಿಸಿದೆ. ಎಡಗೈಯ ತಗ್ಗು ಸ್ವರಗಳು ಬಲಗಿವಿಯಲ್ಲಿ ಬರುತ್ತಿವೆ. ಮೊದಲು ಹೀಗಿರಲಿಲ್ಲ.

ಶ್ರುತಿಪೆಟ್ಟಿಗೆ:
ಕೆಂಪು, ಹಸಿರು ಅದಲುಬದಲಾಗಿದೆ ಮೇಡಂ.

ಕಾದಕಡ್ಡಿ:
ಮತ್ತೆ ಬಿಚ್ಚಿ, ಎರಡು ಎಳೆ ಬದಲಿಸಿ. ಈಗ ಕೈ ಪಳಗಿದೆ, ಹತ್ತು ನಿಮಿಷ.

ಒಂದೇಮಾತು:
ತಿರುಗಿಸಿ ಹಾಕಿಕೊಳ್ಳಿ.

ಹಳೇತಂತಿ:
ಹಾಗೇ ಮಾಡಿದ್ದೇನೆ. ವೈರ್ ಈಗ ಬಲಗಡೆ ನೇತಾಡುತ್ತಿದೆ. ಅಲ್ಲಿಂದಲೇ ನಮ್ಮ ಕುರ್ಚಿಯ ಗಾಲಿಗೆ ಹತ್ತಿರ.